ಸೂಜಿಗಾಗಿ ಹೊಳೆ ದಾಟಿದ್ದು

ನನ್ನ ಅವ್ವನಿಗೆ ಸೂಜಿಯ ಭಯವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ, ಊರಿಂದ ಬಾಣಂತನಕ್ಕೆ ಬಂದ ಹಳೇ ಕಾಲದ ಹೆಂಗಸು, ಬಸುರಿ ಮಗಳಿಗೆ ಚುಚ್ಚುಮದ್ದು ಬೇಡವೇ ಬೇಡ ಎಂದು ಹಟ ಹಿಡಿದಿರಬೇಕು ಅಂತ ಅರ್ಧ ಕತೆ ನೀವೇ ಬರೆದುಕೊಂಡುಬಿಡುತ್ತೀರಿ. ಹಾಗೇನೂ ಆಗಲಿಲ್ಲ.

ದಿಲ್ಲಿ ಪಕ್ಕದ ನೋಯ್ಡಾದ ನಮ್ಮ ಫ್ಲ್ಯಾಟಿಗೆ ಅವಳು ಬಂದದ್ದು ದೀಪಾವಳಿಗೆ, ನನಗೆ ಏಳು ತುಂಬುತ್ತಿದ್ದಾಗ. ಒಂದು ಡಬ್ಬಿ ತುಂಬ ಕರ್ಚಿಕಾಯಿ ಮಾಡಿಕೊಂಡು ಬಂದಿದ್ದಳು. ಪ್ರತಿ ದೀಪಾವಳಿಗೂ ಮಾಡುತ್ತಾಳೆ, ಊರಿಗೆಲ್ಲ ಹಂಚುತ್ತಾಳೆ, ತಾನು ಮಾತ್ರ ಒಂದನ್ನೂ ಬಾಯಿಗೆ ಹಾಕುವುದಿಲ್ಲ. ಹಲ್ಲಿಗೆ ಆಗಲ್ಲ ಅನ್ನುತ್ತಾಳೆ. ಕಬ್ಬು ಸಿಗಿಯುವ ಹಲ್ಲು ಅವಳದು. ಇರಲಿ.

ಮರುದಿನ ಅವಳು ಮೊರದಲ್ಲಿ ಕಡಲೆಬೇಳೆ ಆರಿಸುತ್ತ ಕೂತಿದ್ದಾಗ ನಾನು ಹೇಳಿದೆ: "ಅವ್ವಾ, ಡಾಕ್ಟರು ನಾಯಿಕೆಮ್ಮಿನ ಸೂಜಿ ಹಾಕಿಸ್ಕೋಬೇಕು ಅಂದಿದ್ದಾರೆ. ಫ್ಲೂದೂ ಒಂದು."

"ಹಾಕಿಸ್ಕೋ," ಎಂದಳು ತಲೆ ಎತ್ತದೆ. "ನಿನ್ನ ಹೊಟ್ಟೇಲಿ ಇಟ್ಕೊಂಡು ನಾನೂ ಧನುರ್ವಾಯು ಸೂಜಿ ಹಾಕಿಸ್ಕೊಂಡಿದ್ದೆ. ಎಲ್ಲಿ ಹಾಕ್ತಾರೆ?"

"ಓಖ್ಲಾದಲ್ಲಿ. ನಮ್ಮ ಆಫೀಸಿನ ಹತ್ರ."

"ಅದು ಎಲ್ಲಿ ಬರುತ್ತೆ?"

"ಇಲ್ಲೇ ಅವ್ವಾ. ಯಮುನೆ ದಾಟಿದ್ರೆ ಆಯ್ತು."

ಅಷ್ಟೇ ನೋಡಿ. ಮೊರ ಕೆಳಗಿಟ್ಟಳು.

"ಏಳು ತುಂಬಿದ ಬಸುರಿ ಹೊಳೆ ದಾಟಬಾರದು."

"ಈಜಿಕೊಂಡು ಹೋಗ್ತೀನಾ ನಾನು? ಸೇತುವೆ ಇದೆ."

"ಸೇತುವೆ ಮೇಲೆ ಹೋದ್ರೆ ಹೊಳೆಗೆ ಗೊತ್ತಾಗಲ್ವಾ?"

ಇದಕ್ಕೆ ಏನು ಉತ್ತರ ಕೊಡುತ್ತೀರಿ? ಓಖ್ಲಾದ ಗಾರ್ಮೆಂಟ್ಸ್ ರಫ್ತಿನ ಕಂಪನಿಯೊಂದರಲ್ಲಿ ನನ್ನ ಕೆಲಸ. ಗುಂಡಿ ಹೊಲಿಗೆ ಸರಿಯಿಲ್ಲವೆಂದು ಫ್ಯಾಕ್ಟರಿಯವರ ಜೊತೆ ಜಗಳವಾಡುವುದು, ಸರಿಯಾಗಿಯೇ ಇದೆಯೆಂದು ವಿದೇಶದ ಗಿರಾಕಿಗಳ ಜೊತೆ ಜಗಳವಾಡುವುದು. ಆ ನೌಕರಿಗಾಗಿ ಬಸುರಾದಾಗಿನಿಂದ ದಿನಾ ಬೆಳಿಗ್ಗೆ ಸಂಜೆ ಮೆಟ್ರೋದಲ್ಲಿ ಅದೇ ಹೊಳೆ ದಾಟುತ್ತಿದ್ದೆ. ಹಿಂದಿನ ವಾರವಷ್ಟೇ ಮನೆಯಿಂದ ಕೆಲಸ ಮಾಡಲು ಅನುಮತಿ ಸಿಕ್ಕಿತ್ತು. ಇದನ್ನೆಲ್ಲ ಅವ್ವನಿಗೆ ಹೇಳುವ ಧೈರ್ಯವಾಗಲಿಲ್ಲ.

"ಈ ಕಡೆ ಡಾಕ್ಟರೇ ಇಲ್ವಾ?" ಎಂದಳು. ಇದ್ದಾರೆ, ಮನೆಗೊಬ್ಬರಿದ್ದಾರೆ. ಅವಳ ಸಮಾಧಾನಕ್ಕೆಂದು ಎರಡು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಒಂದರಲ್ಲಿ ಆ ಮದ್ದು ಖಾಲಿಯಾಗಿತ್ತು, ಹಬ್ಬ ಕಳೆದ ಮೇಲೆ ಬರುತ್ತದೆ ಅಂದರು. ಇನ್ನೊಂದರಲ್ಲಿ ಡಾಕ್ಟರೇ ಹಬ್ಬಕ್ಕೆ ಊರಿಗೆ ಹೋಗಿದ್ದರು. ಅದೂ ಅಲ್ಲದೆ, ಮೊದಲ ತಿಂಗಳಿಂದ ನೋಡಿದ ಡಾಕ್ಟರನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಗಂಡನನ್ನಾದರೂ ಬದಲಾಯಿಸಿಯೇನು, ಆಕೆಯನ್ನು ಬದಲಾಯಿಸಲಾರೆ. ಜನವರಿಯ ಚಳಿಯಲ್ಲಿ ಹುಟ್ಟುವ ಮಗು, ಹೊರಗೆ ಆಗಲೇ ಪಟಾಕಿ ಹೊಗೆಯ ಗಾಳಿ, ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿ ಅರ್ಧ ಕೆಮ್ಮುತ್ತಿತ್ತು. ಮದ್ದು ಮೈಗೆ ಹತ್ತಿ ಮಗುವಿಗೆ ಇಳಿಯಲು ಸಮಯ ಬೇಕು, ತಡ ಮಾಡಬೇಡ ಅಂದಿದ್ದರು ಡಾಕ್ಟರು. ನನಗೆ ಅದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಅವ್ವ ಜಗ್ಗಲಿಲ್ಲ. ನಾನು ಕೂಗಾಡಿದೆ. ಅವಳು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು. ನಾನು ಊಟ ಬಿಡುತ್ತೇನೆಂದೆ. ಬಿಡು ಅಂದಳು. ಒಂದು ಗಂಟೆಯ ಮೇಲೆ ನಾನೇ ಹೋಗಿ ಮುದ್ದೆ ಬಡಿಸಿಕೊಂಡೆ.

ಆಗ ರಂಗಕ್ಕಿಳಿದದ್ದು ನನ್ನ ಗಂಡ. ಮೈಸೂರಿನ ಕಡೆಯವನು, ಸಾಫ್ಟ್‌ವೇರಿನವನು, ಜಗಳ ಎಂದರೆ ಬಾಲ್ಕನಿಗೆ ಹೋಗಿ ಗಿಡಕ್ಕೆ ನೀರು ಹಾಕುವವನು. ನಾವಿಬ್ಬರೇ ಇದ್ದಾಗ ನಾನು ಅವನನ್ನು ನೀನು ಎನ್ನುತ್ತೇನೆ, ಅವ್ವನ ಮುಂದೆ ಮಾತ್ರ "ರೀ". ಆ "ರೀ" ಕೇಳಿದಾಗೆಲ್ಲ ಅವನಿಗೆ ತಾನೊಬ್ಬ ಯಜಮಾನ ಎಂಬ ಭ್ರಮೆ ಬರುತ್ತದೆ. ಹಾಗೆ ಭ್ರಮೆ ಬಂದಿದ್ದ ಒಂದು ಗಳಿಗೆಯಲ್ಲಿ ಮೊಬೈಲಿನಲ್ಲಿ ಮ್ಯಾಪ್ ತೆರೆದು, "ಅತ್ತೆ, ಇಲ್ನೋಡಿ. ಈ ಕಾಳಿಂದಿ ಕುಂಜ್ ಕಡೆ ಒಂದು ರಸ್ತೆ ಇದೆ. ಇದರಲ್ಲಿ ಹೋದ್ರೆ ಹೊಳೆ ಸಿಗೋದೇ ಇಲ್ಲ," ಎಂದ.

ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. ಮ್ಯಾಪಿನಲ್ಲಿ ನೀಲಿ ಬಣ್ಣ ಇದ್ದ ಕಡೆ ಅವನ ಹೆಬ್ಬೆರಳಿತ್ತು.

"ಏನೂ ಇಲ್ವಾ?"

"ಒಂದು ದೊಡ್ಡ ಚರಂಡಿ ಇದೆ ಅಷ್ಟೇ."

"ಚರಂಡಿಗೇನು, ದಾಟಬಹುದು," ಎಂದಳು ಅವ್ವ.

ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಲಿಲ್ಲ.

ಒಂದು ವಾರದೊಳಗೆ ಮೂವರೂ ಕ್ಯಾಬಿನಲ್ಲಿ ಹೊರಟೆವು. ಅವ್ವ ಕಿಟಕಿಯ ಪಕ್ಕ. ಸೇತುವೆ ಹತ್ತುವಾಗ ಹೊಟ್ಟೆಯಲ್ಲಿದ್ದದ್ದು ಒದೆಯತೊಡಗಿತು. ಕೆಳಗೆ ಕಣ್ಣು ಹಾಯುವಷ್ಟು ದೂರ ಬಿಳೀ ನೊರೆ, ಯಾರೋ ಇಡೀ ದಿಲ್ಲಿಯ ಬಟ್ಟೆ ಒಗೆದು ಸೋಪಿನ ನೀರು ಚೆಲ್ಲಿದ ಹಾಗೆ. ವಾಸನೆ ಗಾಜು ಮುಚ್ಚಿದ್ದರೂ ಒಳಗೆ ಬಂತು. ಅವ್ವ ಮೂಗಿಗೆ ಸೆರಗು ಒತ್ತಿಕೊಂಡಳು.

"ಯವ್ವಾ, ಏನ್ ನಾತ! ಇದೇನಾ ಚರಂಡಿ?"

"ಹೌದು ಅತ್ತೆ."

"ಇಷ್ಟು ದೊಡ್ಡದಾ?"

"ರಾಜಧಾನಿ ಅಲ್ವಾ ಅತ್ತೆ."

ಅವ್ವ ತಲೆದೂಗಿದಳು. ರಾಜಧಾನಿ ಎಂದ ಮೇಲೆ ಎಲ್ಲ ದೊಡ್ಡದೇ ಇರಬೇಕಲ್ಲ. "ಹಂಗಾದ್ರೆ ಯಮುನೆ ಯಾವ ಕಡೆ ಬರುತ್ತೆ?" ಎಂದಳು. ಅವನು ಎದುರು ದಿಕ್ಕಿಗೆ, ಕಾಣದ ಕಡೆಗೆ ಕೈ ತೋರಿಸಿ, "ಆ ಕಡೆ. ದೂರ," ಎಂದ. ಅವ್ವನ ಯಮುನೆ ಕ್ಯಾಲೆಂಡರಿನದು, ನೀಲಿ ಬಣ್ಣದ್ದು, ದಡದಲ್ಲಿ ಹಸುಗಳು, ಕೊಳಲು ಹಿಡಿದ ಕೃಷ್ಣ. ಅವಳು ಸೀಟಿನಲ್ಲಿ ತಿರುಗಿ ಕೂತು, ಯಮುನೆಗೆ ಬೆನ್ನು ಮಾಡಿ, ಯಮುನೆಗೆ ಕೈ ಮುಗಿದಳು. ನನಗೆ ನಗು ಬಂದು, ಕೆಮ್ಮಿದ ಹಾಗೆ ಮಾಡಿದೆ.

ನಮ್ಮ ಡಾಕ್ಟರು ಬೆಳ್ಳಿ ಕೂದಲಿನ, ಚುರುಕು ಮಾತಿನ ಪಂಜಾಬಿ ಹೆಂಗಸು. ನನ್ನ ತೋಳಿಗೆ ಸೂಜಿ ಚುಚ್ಚುತ್ತಲೇ ಪಾಠ ಹೇಳಿದರು, ನಾನು ಅವ್ವನಿಗೆ ಕನ್ನಡದಲ್ಲಿ ಹೇಳುತ್ತ ಹೋದೆ. ಹುಟ್ಟಿದ ಮಗುವಿಗೆ ನಾಯಿಕೆಮ್ಮಿನ ಸೂಜಿ ಹಾಕುವುದು ಒಂದೂವರೆ ತಿಂಗಳಾದ ಮೇಲೆಯೇ. ಅಲ್ಲಿಯವರೆಗೆ ಅದಕ್ಕೆ ತನ್ನದು ಅಂತ ಶಕ್ತಿ ಇರುವುದಿಲ್ಲ. ಅದಕ್ಕೇ ಈಗ ತಾಯಿಗೆ ಹಾಕುವುದು. ತಾಯಿಯ ಮೈ ರೋಗವನ್ನು ತಡೆಯುವ ಶಕ್ತಿ ತಯಾರಿಸಿ ಹೊಕ್ಕುಳಬಳ್ಳಿಯಿಂದ ಮಗುವಿಗೆ ದಾಟಿಸುತ್ತದೆ. ಹುಟ್ಟುವ ಮೊದಲೇ ಕಟ್ಟಿಕೊಟ್ಟ ಬುತ್ತಿ. ಫ್ಲೂದೂ ಹಾಗೇ. ನೆಗಡಿಯೇ ಬರುವುದಿಲ್ಲ ಅಂತಲ್ಲ, ಜೀವಕ್ಕೆ ಅಪಾಯವಾಗುವಂಥದ್ದನ್ನು ಬಹಳಮಟ್ಟಿಗೆ ತಡೆಯುತ್ತದೆ.

ಅವ್ವ ಮುಂದಕ್ಕೆ ಬಾಗಿ, "ಕೇಳು," ಎಂದಳು. "ಅಷ್ಟು ಸಣ್ಣ ಕೂಸಿಗೆ ನಾಯಿಕೆಮ್ಮು ಬಂದ್ರೆ ಏನಾಗುತ್ತೆ ಕೇಳು."

ಕೇಳಿದೆ. ಎಳೆಯ ಮಕ್ಕಳಿಗೆ ಎಷ್ಟೋ ಸಲ ಕೆಮ್ಮಲೂ ಬರುವುದಿಲ್ಲ, ಉಸಿರೇ ನಿಂತುಬಿಡುತ್ತದೆ, ಮೈ ನೀಲಿಗಟ್ಟುತ್ತದೆ ಎಂದರು ಡಾಕ್ಟರು. ನಾನು ಹಾಗೇ ಹೇಳಿದೆ. ಅವ್ವ ಮಡಿಲಲ್ಲಿದ್ದ ಕೈಚೀಲದ ಹಿಡಿಕೆಯನ್ನು ತಿರುಚುತ್ತ ಕೂತಳು.

ಮನೆಯವರೂ ಹಾಕಿಸಿಕೊಳ್ಳಬೇಕು, ಮಗುವಿಗೆ ರೋಗ ತರುವವರು ಮುದ್ದು ಮಾಡುವವರೇ ಅಂದರು ಡಾಕ್ಟರು. ವಿಜ್ಞಾನದ ಬಗ್ಗೆ ಸೊಸೈಟಿಯ ಗ್ರೂಪಿನಲ್ಲಿ ಉದ್ದುದ್ದ ಸಂದೇಶ ಹಾಕುವ ನನ್ನ ಗಂಡ ಅಂಗಿಯ ತೋಳು ಮಡಿಸಿ ಮುಂದೆ ಬಂದ, ಸೂಜಿ ನೋಡಿದ, ಬೆವತ, ಮೆಲ್ಲಗೆ ವಾಲಿದ. ನನಗೆಂದು ಹಾಸಿದ್ದ ಮಂಚದ ಮೇಲೆ ಅವನನ್ನು ಮಲಗಿಸಿಯೇ ಸೂಜಿ ಹಾಕಿದರು, ಏಳು ತಿಂಗಳ ಬಸುರಿ ನಾನು ಪಕ್ಕದಲ್ಲಿ ನಿಂತು ಗಾಳಿ ಹಾಕಿದೆ. ಅವ್ವನ ಸರದಿ ಬಂದಾಗ "ಆಮೇಲೆ ನೋಡೋಣ" ಎಂದು ಹೊರಗೆ ನಡೆದಳು.

ವಾಪಸ್ಸು ಹೋಗಲು ಕ್ಯಾಬು ಸಿಗಲಿಲ್ಲ, ಆಟೋ ಹಿಡಿದೆವು. ಸೇತುವೆ ಇನ್ನೂ ಸ್ವಲ್ಪ ದೂರ ಇರುವಾಗಲೇ ಟ್ರಾಫಿಕ್ ನಿಂತುಹೋಯಿತು. ಅಂದು ಛಠ್ ಎಂಬುದನ್ನು ನಾವಿಬ್ಬರೂ ಮಹಾಜಾಣರು ಮರೆತಿದ್ದೆವು. ಬಿಹಾರದ ಕಡೆಯವರು ಮುಳುಗುವ ಸೂರ್ಯನಿಗೆ ನೀರಿನಲ್ಲಿ ನಿಂತು ಅರ್ಘ್ಯ ಕೊಡುವ ಹಬ್ಬ. ರಸ್ತೆ ತುಂಬ ಕಬ್ಬಿನ ಜಲ್ಲೆ, ತಲೆಯ ಮೇಲೆ ಹಣ್ಣಿನ ಬುಟ್ಟಿ, ಮೂಗಿನ ತುದಿಯಿಂದ ಬೈತಲೆಯವರೆಗೆ ಕುಂಕುಮ ಹಚ್ಚಿದ ಹೆಂಗಸರು. ಎಲ್ಲರೂ ಇಳಿದು ಹೋಗುತ್ತಿದ್ದದ್ದು ಆ ನೊರೆಯೊಳಕ್ಕೆ. ಸೊಂಟದವರೆಗೆ ನೊರೆಯಲ್ಲಿ ನಿಂತು, ಮೊರ ಎತ್ತಿ ಹಿಡಿದು, ಕಣ್ಣು ಮುಚ್ಚಿದ್ದರು.

ಅವ್ವನಿಗೆ ಬಹಳ ನೋವಾಯಿತು. ಈ ಜನ ಚರಂಡಿಯಲ್ಲಿ ಪೂಜೆ ಮಾಡುವುದೇಕೆ ಎಂದು, ಧಾರಾವಾಹಿ ನೋಡಿ ಕಲಿತ ಹಿಂದಿಯಲ್ಲಿ ಡ್ರೈವರನ್ನು ಕೇಳಿದಳು: "ಭಯ್ಯಾ, ಯೇ ಲೋಗ್ ನಾಲೇ ಮೇ ಪೂಜಾ ಕ್ಯೋ ಕರ್ತಾ ಹೈ?"

ಡ್ರೈವರ್ ಪೂರ್ತಿ ತಿರುಗಿ ಕೂತ. "ನಾಲಾ? ಮಾತಾಜೀ, ಜಮುನಾ ಮೈಯಾ ಹೈ!"

ಅವ್ವ ಅಳಿಯನ ಕಡೆ ತಿರುಗಿದಳು. ಅಳಿಯಂದಿರು ಡ್ರೈವರನ ಸೀಟಿನ ಹಿಂದೆ ಅಂಟಿಸಿದ್ದ ಟ್ಯೂಷನ್ ಜಾಹೀರಾತನ್ನು ಗಮನವಿಟ್ಟು ಓದುತ್ತಿದ್ದರು. ಅವ್ವ ಇಳಿದಳು, ನನ್ನ ಕೈ ಹಿಡಿದು ಇಳಿಸಿದಳು, ಫುಟ್‌ಪಾತಿನ ಕಟ್ಟೆಯ ಮೇಲೆ ಕೂತಳು.

"ನಾನು ಇವಳನ್ನ ದಾಟಿಸಲ್ಲ."

"ಅವ್ವಾ, ಬರುವಾಗ ದಾಟಿ ಆಗಿದೆ!"

"ಗೊತ್ತಿಲ್ದೆ ದಾಟಿದ್ದು ಬೇರೆ. ಗೊತ್ತಿದ್ದು ದಾಟೋದು ಬೇರೆ. ಬೇರೆ ದಾರಿ ಇದೆಯಾ ಕೇಳು ಆ ಭಯ್ಯಾನ್ನ."

ಕೇಳಿದ್ದು ನನ್ನ ಗಂಡ, ಪಾಪಪರಿಹಾರಕ್ಕೆ. ಯಮುನೆ ದಾಟದೆ ನೋಯ್ಡಾಕ್ಕೆ ಹೋಗಲು ದಾರಿ ಇದೆಯೇ? ಡ್ರೈವರ್ ಗಂಭೀರವಾಗಿ ಯೋಚಿಸಿ, "ಹೈ ನಾ. ಯಮುನೋತ್ರೀ ಸೇ ಘೂಮ್ ಕೇ ಆನಾ ಪಡೇಗಾ," ಎಂದ. ನನ್ನ ಗಂಡನಿಗೆ ಅದು ತಮಾಷೆ ಎಂದು ಹೊಳೆಯಲಿಲ್ಲವೋ, ಭಯಕ್ಕೆ ಬುದ್ಧಿ ಕೈಕೊಟ್ಟಿತೋ, ಹಾಗೇ ಅನುವಾದಿಸಿದ: "ಹಿಮಾಲಯದಲ್ಲಿ ಹೊಳೆ ಹುಟ್ಟೋ ಜಾಗಕ್ಕೆ ಹೋಗಿ, ಸುತ್ತು ಹಾಕಿಕೊಂಡು ಬರಬೇಕಂತೆ ಅತ್ತೆ."

"ಎಷ್ಟೊತ್ತಾಗುತ್ತೆ?" ಎಂದಳು ಅವ್ವ.

ನನಗೆ ತಡೆಯಲಾಗಲಿಲ್ಲ. ಸೊಂಟ ನೋಯುತ್ತಿತ್ತು, ಶೌಚಕ್ಕೆ ಅವಸರವಾಗಿತ್ತು, ಇತ್ತ ಹಿಮಾಲಯಕ್ಕೆ ಪ್ರಯಾಣ ಹೊರಟಿತ್ತು. ನಡುಬೀದಿಯಲ್ಲಿ ನಿಂತು ಕಿರುಚಿದೆ. "ಅವ್ವಾ, ನಾನು ಬಸುರಾದಾಗಿಂದ ದಿನಾ ದಾಟಿದ್ದೀನಿ ಈ ಹೊಳೇನ! ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ! ಏನಾಯ್ತು ನನಗೆ? ಏನಾಯ್ತು ನನ್ನ ಕೂಸಿಗೆ? ಯಾರು ತುಂಬಿದ್ರು ನಿನ್ನ ತಲೇಲಿ ಇದನ್ನ?"

ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಹೊಟ್ಟೆಯ ಮೇಲೆ ಕೈ ಇಟ್ಟಳು. ಅಳುತ್ತಿದ್ದಳು.

"ನಿನಗಿಂತ ಮುಂಚೆ ಒಬ್ಬನಿದ್ದ," ಎಂದಳು.

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ ಬೆಳೆದೂ ಗೊತ್ತಿರಲಿಲ್ಲ.

ತುಂಗಭದ್ರೆಯ ಈ ದಂಡೆಯಲ್ಲಿ ಅವಳ ಗಂಡನ ಮನೆ, ಆ ದಂಡೆಯಲ್ಲಿ ತವರು. ಎಂಟು ತಿಂಗಳ ಬಸುರಿ, ಮೊದಲನೆಯದು, ದೀಪಾವಳಿ. ತನ್ನ ತಾಯಿಯ ಕೈಯ ಕರ್ಚಿಕಾಯಿ ತಿನ್ನುವ ಬಯಕೆ. ಹೊಳೆ ದಾಟಬೇಡ ಎಂದು ಅತ್ತೆ ಅಂದರೂ, ಅವರು ಸಂತೆಗೆ ಹೋದಾಗ ಹರಿಗೋಲು ಹತ್ತಿ ಹೋಗಿ, ತಿಂದು, ಸಂಜೆಗೆ ವಾಪಸ್ಸಾಗಿದ್ದಳು. ಮಗು ಚೆನ್ನಾಗಿಯೇ ಹುಟ್ಟಿತು. ತಿಂಗಳು ತುಂಬಿದ ಮೇಲೆ ಹೋಯಿತು.

"ಕೆಮ್ಮಲಿಕ್ಕೂ ಬರ್ತಿರಲಿಲ್ಲ ಅದಕ್ಕೆ. ಉಸಿರು ಹಿಡೀತಿತ್ತು. ನೀಲಿ ಆಗ್ತಿತ್ತು. ಎತ್ತಿಕೊಂಡು ಬೆನ್ನು ತಟ್ಟಿದ್ರೆ ಮತ್ತೆ ಬರ್ತಿತ್ತು. ಒಂದ್ಸಲ ಬರಲಿಲ್ಲ." ಮೂಗು ಒರೆಸಿಕೊಂಡಳು. "ಹೊಳೆ ದಾಟಿ ಕೂಸನ್ನ ಕಳಕೊಂಡಳು ಅಂದ್ರು. ಎಲ್ಲರೂ ಅಂದ್ರು."

"ಆಗ ಊರಲ್ಲಿ ಬೇರೆ ಯಾರಿಗಾದ್ರೂ ಕೆಮ್ಮಿತ್ತಾ?"

"ಓಣಿ ತುಂಬಾ ಹುಡುಗರಿಗೆ ನಾಯಿಕೆಮ್ಮು. ನಿಮ್ಮ ದೊಡ್ಡಪ್ಪನ ಮಕ್ಕಳೂ ಕೆಮ್ತಿದ್ರು. ಅವರೇ ಎತ್ತಿಕೊಂಡು ಆಡಿಸ್ತಿದ್ದದ್ದು ಅವನನ್ನ."

ನನಗೆ ಬಂದ ಸಿಟ್ಟನ್ನು ಏನು ಹೇಳಲಿ. ಓಣಿ ತುಂಬ ನಾಯಿಕೆಮ್ಮು ಇಟ್ಟುಕೊಂಡು, ತಪ್ಪನ್ನು ಒಬ್ಬ ಬಾಣಂತಿಯ ತಲೆಗೂ ಒಂದು ಹೊಳೆಯ ತಲೆಗೂ ಕಟ್ಟಿದ್ದರಲ್ಲ! ಅವರಲ್ಲಿ ಯಾರಾದರೂ ಆಗ ಎದುರಿಗೆ ಸಿಕ್ಕಿದ್ದರೆ ಕಬ್ಬಿನ ಜಲ್ಲೆಯಲ್ಲೇ ಬಾರಿಸುತ್ತಿದ್ದೆ. ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ, ಕೂರಲು ಸ್ವಲ್ಪ ಹೊತ್ತೇ ಹಿಡಿಯಿತು.

"ಅವ್ವಾ, ಡಾಕ್ಟರು ಹೇಳಿದ್ದು ಕೇಳಿದೆಯಲ್ಲ. ಅವನನ್ನ ಒಯ್ದದ್ದು ಕೆಮ್ಮು."

"ಹೊಳೆ ಅಲ್ವಾ?"

"ಅಲ್ಲ."

"ಕರ್ಚಿಕಾಯಿ?"

"ಅಲ್ಲವ್ವಾ!"

ಅವ್ವ ಆ ನೊರೆಯ ಕಡೆ ತಿರುಗಿದಳು. ನೀರಿಗಿಳಿದಿದ್ದ ಹೆಂಗಸರು ಹಾಡು ಶುರು ಮಾಡಿದ್ದರು. "ಈ ಸೂಜಿ ಆಗ ನನಗೆ ಹಾಕಿದ್ರೆ ಉಳೀತಿದ್ನಾ?" ಎಂದು ಕೇಳಿದಳು. ಖಂಡಿತ ಎಂದು ಹೇಳುವ ಆಸೆಯಾಯಿತು. ಆದರೆ ಆ ದಿನಕ್ಕೆ ಸಾಕಷ್ಟು ಸುಳ್ಳು ಹೇಳಿಯಾಗಿತ್ತು. "ಉಳಿಯೋ ಸಾಧ್ಯತೆ ತುಂಬಾ ಇತ್ತು," ಎಂದೆ.

ಅವ್ವ ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು ಅಳಿಯನ ಕಡೆ ತಿರುಗಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಮನೆಯವರೂ ಹಾಕಿಸ್ಕೋಬೇಕು ಅಂದ್ರಲ್ಲ ಆ ಡಾಕ್ಟರಮ್ಮ? ಆಟೋ ತಿರುಗಿಸೋಕೆ ಹೇಳಿ. ನನಗೂ ಹಾಕಿಸಬೇಕು. ಹಾಗೇ ಬಂದ್ರೆ ನಾಳೆ ನಾನೇ ಕೂಸಿಗೆ ಕೆಮ್ಮು ಅಂಟಿಸ್ತೀನಿ."

ಆ ಜಾತ್ರೆಯ ನಡುವೆ ಆಟೋ ತಿರುಗಿಸಲು ಡ್ರೈವರ್ ಪಟ್ಟ ಪಾಡು ದೇವರಿಗೇ ಪ್ರೀತಿ. ಯಮುನೋತ್ರಿಗೆ ಹೋಗುವುದೇ ಸುಲಭವಿತ್ತು ಎಂದು ಗೊಣಗಿದ. ಕ್ಲಿನಿಕ್ಕಿನಲ್ಲಿ ನಾನು ಮೊದಲು ಶೌಚಾಲಯಕ್ಕೆ ಓಡಿದೆ. ವಾಪಸ್ಸು ಬರುವಷ್ಟರಲ್ಲಿ ಅವ್ವ ಸೂಜಿ ಹಾಕಿಸಿಕೊಂಡು, ತೋಳಿನ ಮೇಲೆ ಹತ್ತಿ ಒತ್ತಿ ಹಿಡಿದು, "ಇಷ್ಟಕ್ಕೆ ಎಚ್ಚರ ತಪ್ಪಿದ್ರಾ?" ಎಂದು ಅಳಿಯನನ್ನು ವಿಚಾರಿಸುತ್ತಿದ್ದಳು. ಕತ್ತಲಾಗುವ ಹೊತ್ತಿಗೆ ಹೊಳೆ ದಾಟಿದೆವು. ಸೇತುವೆ ಮುಗಿಯುವವರೆಗೂ ನನ್ನ ಮುಂಗೈಯನ್ನು ಅವಳು ಬಿಗಿಯಾಗಿ ಹಿಡಿದಿದ್ದಳು.

ಜನವರಿಯಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಗೆ ಹೋಗುವಾಗ ಸೇತುವೆಯ ಮೇಲೆ ಕ್ಯಾಬ್ ನಿಧಾನವಾದದ್ದಕ್ಕೆ "ಜಲ್ದೀ ದಾಟಿಸಪ್ಪಾ!" ಎಂದು ಡ್ರೈವರಿಗೆ ಕನ್ನಡದಲ್ಲೇ ಬೈದವಳು ಅವ್ವ.

ಆಮೇಲೆ ನಮ್ಮ ಮನೆಯ ಬಾಗಿಲಲ್ಲಿ ಅವಳದೇ ಕಾವಲು. ಮಗು ನೋಡಲು ಬಂದವರಿಗೆಲ್ಲ ಮೊದಲ ಪ್ರಶ್ನೆ, ಸೂಜಿ ಹಾಕಿಸಿಕೊಂಡಿದ್ದೀರಾ ಅಂತ, "ಟೀಕಾ ಲಗಾಯಾ?" ಇಲ್ಲವೆಂದರೆ, "ಅಚ್ಛಾ, ಮೋಬೈಲ್ ಮೇ ದೇಖೋ." ಎದುರು ಮನೆಯ ಆಂಟಿ ಲಡ್ಡು ಹಿಡಿದು ಬಂದು, ಒಂದು ಸೀನು ಸೀನಿ, "ಬಸ್ ಸರ್ದೀ ಹೈ", ಬರೀ ನೆಗಡಿ, ಅಂದರು. ಲಡ್ಡು ಒಳಗೆ ಬಂತು, ಆಂಟಿ ಹೊರಗೆ ಉಳಿದರು. ಸೊಸೈಟಿಯಲ್ಲಿ ನಮಗೆ ಸೊಕ್ಕು ಎಂದು ಮಾತಾಯಿತಂತೆ. ನನ್ನ ಗಂಡ ಆಫೀಸಿನಿಂದ ನೆಗಡಿ ತಂದಾಗ ಅವನ ಹಾಸಿಗೆ, ದಿಂಬು, ಲ್ಯಾಪ್‌ಟಾಪು ಎಲ್ಲ ನಡುಮನೆಗೆ ಬಂದವು. ಅಲ್ಲಿಂದ ಅವನು ಮಾಸ್ಕ್ ಹಾಕಿಕೊಂಡು ಮಗಳಿಗೆ ಕೈ ಬೀಸುತ್ತಿದ್ದ.

ಇಷ್ಟಾದರೂ ಮಗುವಿಗೆ ಒಮ್ಮೆ ಮೂಗು ಕಟ್ಟಿತು. ಗೊರಗೊರ ಎಂದಿತು, ಹಾಲಿಗೆ ಕಿರಿಕಿರಿ ಮಾಡಿತು. ಡಾಕ್ಟರು ಎದೆ ಪರೀಕ್ಷಿಸಿ, ಬರೀ ನೆಗಡಿ, ಭಯವಿಲ್ಲ ಅಂದರು. ಅವ್ವ ನಂಬಿದಳು, ಆದರೂ ಅದು ವಾಸಿಯಾಗುವವರೆಗೆ ಮಗುವಿನ ಎದೆಯ ಮೇಲಿನ ಕೈ ತೆಗೆಯಲಿಲ್ಲ. ಆ ಎದೆ ಏರಿ ಇಳಿಯುವುದನ್ನೇ ನೋಡುತ್ತಿದ್ದಳು. ಒಂದು ಬೆಳಿಗ್ಗೆ ಮೂಗು ಬಿಟ್ಟುಕೊಂಡು ಮಗು ಗಟ್ಟಿಯಾಗಿ ಅತ್ತಾಗ, "ಅಳು ನನ್ನವ್ವ, ಇನ್ನೂ ಜೋರಾಗಿ ಅಳು," ಎಂದು ನಕ್ಕಳು.

ಒಂದೂವರೆ ತಿಂಗಳಾಯಿತು. ಮಗುವಿನ ಸ್ವಂತ ಸೂಜಿಗೆ ಹೊರಟೆವು, ಮಧ್ಯಾಹ್ನದ ಖಾಲಿ ಮೆಟ್ರೋದಲ್ಲಿ. ಕುಲಾವಿ ಹಾಕಿದ ಮಗು ಅವ್ವನ ಮಡಿಲಲ್ಲಿ. ಪಕ್ಷಿಧಾಮದ ಸ್ಟೇಷನ್ ದಾಟಿದ ಮೇಲೆ ಹೊಳೆ ಬಂತು. ನೊರೆ ಕಡಿಮೆಯಾಗಿತ್ತು, ನೀರಿನ ಮೇಲೆ ಬಿಳೀ ಹಕ್ಕಿಗಳು ಹಾರಾಡುತ್ತಿದ್ದವು. ಎದುರು ಸೀಟಿನ ಹಿರಿಯರೊಬ್ಬರು ಕಣ್ಣು ಮುಚ್ಚಿ ಕೈ ಮುಗಿದರು. ಅವ್ವ ಕೈ ಮುಗಿಯಲಿಲ್ಲ, ಕೈ ಖಾಲಿ ಇರಲಿಲ್ಲ. ಎದ್ದು ಹೋಗಿ ಮಗುವನ್ನು ಗಾಜಿನ ಹತ್ತಿರ ಎತ್ತಿ ಹಿಡಿದಳು.

"ನೋಡವ್ವ, ಹೊಳೆ," ಎಂದಳು ಮೊಮ್ಮಗಳಿಗೆ.

ಆಮೇಲೆ ಗಾಜಿಗೆ ಹಣೆ ತಾಗಿಸಿ, ಕೆಳಗಿನ ಆ ಕರೀ ನೀರಿಗೆ ಮೆಲ್ಲಗೆ ಹೇಳಿದಳು: "ನಿಂದೇನೂ ತಪ್ಪಿಲ್ಲ ಬಿಡು, ತಾಯೀ."